ಊರು ಬಿಟ್ಟವರ ಲೈಸೆನ್ಸು: ಲೆಡ್ಜರಿನಿಂದ ಸರ್ವರಿಗೆ

ತಾಲ್ಲೂಕು ಕೇಂದ್ರ ಬಂಗಾರಪೇಟೆ. ಸಾರಿಗೆ ಕಚೇರಿ ಮಾತ್ರ ಕೆಜಿಎಫ್‌ನಲ್ಲಿ, ಅಂದರೆ ಕೋಲಾರ ಚಿನ್ನದ ಗಣಿಯ ಊರಿನಲ್ಲಿ. ಬಹಳ ವರ್ಷ ಈ ಎರಡು ಊರುಗಳ ಲೆಕ್ಕಾಚಾರ ಹೀಗೇ ಇತ್ತು. ಜಮೀನಿನ ಕಾಗದಪತ್ರಕ್ಕೆ ಕೆಜಿಎಫ್ ಕಡೆಯವರು ಬಂಗಾರಪೇಟೆಗೆ ಇಳಿಯುತ್ತಿದ್ದರು, ಲೈಸೆನ್ಸಿಗೆ ಬಂಗಾರಪೇಟೆಯವರು ಕೆಜಿಎಫ್‌ಗೆ ಹತ್ತುತ್ತಿದ್ದರು. ಕೆಜಿಎಫ್ ಸ್ವಂತ ತಾಲ್ಲೂಕಾದದ್ದು 2018ರಲ್ಲಿ. ಅದಕ್ಕಿಂತ ಬಹಳ ಮೊದಲೇ ಅದಕ್ಕೆ ವಾಹನಗಳ ನಂಬರಿನಲ್ಲಿ ಸ್ವಂತ ಗುರುತಿತ್ತು: ಜಿಲ್ಲಾ ಕೇಂದ್ರ ಕೋಲಾರ ಕೆಎ 07, ಅದರ ಬೆನ್ನಿಗೇ ಕೆಜಿಎಫ್ ಕೆಎ 08.

ಈ ಕೆಎ 08 ಕಚೇರಿಯಲ್ಲಿ ಎಂಟು ಹೊಡೆದು ಲೈಸೆನ್ಸು ಪಡೆದವರು ಈಗ ಎಲ್ಲೆಲ್ಲೋ ಇದ್ದಾರೆ. ಬೆಂಗಳೂರಿನ ಟ್ಯಾಕ್ಸಿಗಳಲ್ಲಿದ್ದಾರೆ, ಹೊಸೂರಿನ ಕಾರ್ಖಾನೆಗಳ ವ್ಯಾನುಗಳಲ್ಲಿದ್ದಾರೆ, ಚೆನ್ನೈಯಲ್ಲಿದ್ದಾರೆ. ಹೊಸ ಊರಿಗೆ ಹೋದವರೆಲ್ಲ ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: ‘ಇಲ್ಲಿನ ಲೈಸೆನ್ಸು ಮಾಡಿಸಬೇಕಾ ಅಣ್ಣಾ?’ ಉತ್ತರ ಒಂದು ಸಾಲಿನದು, ಬೇಡ. ಆದರೆ ಆ ‘ಬೇಡ’ ಕಾನೂನಿನ ಪುಸ್ತಕದಿಂದ ಕಚೇರಿಯ ಕಿಟಕಿಗೆ ಬರಲು ಮೂವತ್ತು ವರ್ಷ ಹಿಡಿಯಿತು.

ಮೊದಲ ಡ್ರೈವರು ರಸ್ತೆಯವನಲ್ಲ

ಕೆಜಿಎಫ್ ವಲಸೆ ಬಂದವರೇ ಕಟ್ಟಿದ ಊರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿ ಹಿಡಿದ ಮೇಲೆ ಉತ್ತರ ಆರ್ಕಾಟಿನಿಂದ, ಚಿತ್ತೂರು ಸೀಮೆಯಿಂದ ಕೂಲಿಕಾರರು ಬಂದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಪಳಗಿದವರು ಬಂದರು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಕೆಜಿಎಫ್‌ನ ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಹಾಕಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು.

ಈ ಊರಿನಲ್ಲಿ ಮೋಟಾರು ಓಡಿಸುವವನಿಗಿಂತ ಮೊದಲು ಇನ್ನೊಬ್ಬ ಡ್ರೈವರನಿದ್ದ, ವೈಂಡಿಂಗ್ ಎಂಜಿನ್ ಡ್ರೈವರ್. ಶಾಫ್ಟಿನ ಬಾಯಿಯ ಹತ್ತಿರ ಎಂಜಿನ್ ಮನೆ. ಅದರೊಳಗೆ ದೊಡ್ಡ ಉರುಳೆ, ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಯಲ್ಲಿ ಆಳುಗಳನ್ನು ಹೊತ್ತ ಕೇಜು. ಕೇಜು ಅವನ ಕಣ್ಣಿಗೆ ಕಾಣುವುದಿಲ್ಲ. ಕೆಳಗಿನಿಂದ ಬರುವ ಗಂಟೆಯ ಸಂಜ್ಞೆ ಕೇಳಿಸಿಕೊಂಡು, ಎದುರಿನ ಆಳಸೂಚಕದ ಮುಳ್ಳು ನೋಡಿಕೊಂಡು ಅವನು ಬ್ರೇಕು ಹಿಡಿಯಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳಕ್ಕೆ ಹೋದವರು ಹಂತಹಂತವಾಗಿ ಇಂಥ ಕೈಗಳನ್ನೇ ನಂಬಿ ಇಳಿಯುತ್ತಿದ್ದರು.

ಆ ಕೆಲಸಕ್ಕೂ ಪರೀಕ್ಷೆಯಿತ್ತು, ಸರ್ಟಿಫಿಕೇಟಿತ್ತು. 1961ರ ಲೋಹ ಗಣಿ ನಿಯಮಾವಳಿ ವೈಂಡಿಂಗ್ ಎಂಜಿನ್ ಡ್ರೈವರನಿಗೆ ಅರ್ಹತಾ ಪತ್ರವನ್ನು ಕಡ್ಡಾಯ ಮಾಡಿದೆ. ಅದು ಕೇಂದ್ರದ ಗಣಿ ಪರೀಕ್ಷಾ ಮಂಡಳಿ ಕೊಡುವಂಥದ್ದು. ಕೆಜಿಎಫ್‌ನಲ್ಲಿ ಪಡೆದವನು ಹಟ್ಟಿಯ ಚಿನ್ನದ ಗಣಿಗೆ ಹೋದರೂ ಅದೇ ಪತ್ರ ಸಾಕು. ವಿಳಾಸ ಬದಲಾಯಿತೆಂದು ಯಾರೂ ಅವನ ಕೈಯ ಪಳಗಿಕೆಯನ್ನು ಸಂಶಯದಿಂದ ನೋಡುತ್ತಿರಲಿಲ್ಲ. ಮೋಟಾರು ಓಡಿಸುವವನ ಕಥೆ ಬೇರೆ.

ಗಡಿಯೊಳಗೊಂದು ಗಡಿ

ಮೋಟಾರು ಓಡಿಸಲು ಲೈಸೆನ್ಸು ಬೇಕು ಎಂದು ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದದ್ದು 1914ರಲ್ಲಿ. ಅದನ್ನು ಬದಿಗೆ ಸರಿಸಿ ವಿಸ್ತಾರವಾದ ಮೋಟಾರು ವಾಹನ ಕಾಯ್ದೆ ಬಂದದ್ದು 1939ರಲ್ಲಿ. ಎರಡೂ ಬ್ರಿಟಿಷ್ ಭಾರತಕ್ಕೆ ಬರೆದವು. ಕೆಜಿಎಫ್ ಮೈಸೂರು ಮಹಾರಾಜರ ಸಂಸ್ಥಾನದಲ್ಲಿತ್ತು. ಪೂರ್ವಕ್ಕೂ ದಕ್ಷಿಣಕ್ಕೂ ಸ್ವಲ್ಪ ದೂರ ಹೋದರೆ ಮದ್ರಾಸು ಪ್ರಾಂತ್ಯ, ಅಂದರೆ ಬ್ರಿಟಿಷ್ ಭಾರತ. ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಕಾರು ತಿರುಗಿಸಿದವನು ಒಂದು ಕಾನೂನಿನಿಂದ ಇನ್ನೊಂದು ಕಾನೂನಿಗೆ ದಾಟುತ್ತಿದ್ದ.

ಸ್ವಾತಂತ್ರ್ಯದ ನಂತರ 1939ರ ಕಾಯ್ದೆ ಮೈಸೂರಿಗೂ ಬಂತು. ವಾಹನಗಳ ಮೇಲೆ ಮೈಸೂರಿನ ಗುರುತಾಗಿ ‘ಎಂವೈ’ ಅಕ್ಷರಗಳು ಓಡಾಡಿದವು. ಈಗಿನ ಮೋಟಾರು ವಾಹನ ಕಾಯ್ದೆ 1988ರದು, ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ. ‘ಕೆಎ’ ಸರಣಿಯೂ ಆಗಿನದೇ. ಈ ಕಾಯ್ದೆಯ 13ನೇ ಸೆಕ್ಷನ್ ಮಾತನ್ನು ಚಿಕ್ಕದಾಗಿ ಮುಗಿಸಿಬಿಡುತ್ತದೆ: ಕಲಿಯುವವರ ಲೈಸೆನ್ಸಾಗಲಿ ಪಕ್ಕಾ ಲೈಸೆನ್ಸಾಗಲಿ ಇಡೀ ಭಾರತದಲ್ಲಿ ಊರ್ಜಿತ. ಅಲ್ಲಿಗೆ ‘ಲೋಕಲ್ ಲೈಸೆನ್ಸ್’ ಎಂಬ ಮಾತೇ ಇಲ್ಲವಾಗಬೇಕಿತ್ತು.

ಆಗಲಿಲ್ಲ. ಏಕೆಂದರೆ ಲೈಸೆನ್ಸು ದೇಶದ್ದಾದರೂ ಅದರ ದಾಖಲೆ ಕಚೇರಿಯದಾಗಿತ್ತು.

ಲೆಡ್ಜರಿನ ಆಡಳಿತ

ಹಳಬರ ಮನೆಯ ಟ್ರಂಕಿನಲ್ಲಿ ಇನ್ನೂ ಸಿಗುತ್ತದೆ, ಪುಸ್ತಕದ ಲೈಸೆನ್ಸು. ಅಂಗೈಯಗಲದ ಪುಟ್ಟ ಹೊತ್ತಗೆ. ಮೊದಲ ಪುಟದಲ್ಲಿ ಅಂಟಿಸಿದ ಕಪ್ಪುಬಿಳುಪು ಫೋಟೋ, ಅದರ ಅಂಚಿನ ಮೇಲೆ ಹಾದ ಕಚೇರಿಯ ಮೊಹರು. ಮುಂದಿನ ಪುಟಗಳಲ್ಲಿ ನವೀಕರಣದ ತಾರೀಕು, ತಪ್ಪು ಮಾಡಿದ್ದರೆ ಅದರ ಷರಾ. ಶಾಯಿಯಲ್ಲಿ ಬರೆದ ಆ ನಂಬರಿನ ಜೋಡಿ ಇರುವುದು ಒಂದೇ ಕಡೆ, ಅದನ್ನು ಕೊಟ್ಟ ಕಚೇರಿಯ ಲೆಡ್ಜರಿನಲ್ಲಿ. ಕೆಜಿಎಫ್‌ನಲ್ಲಿ ಕೊಟ್ಟ ಹೊತ್ತಗೆಯನ್ನು ಚೆನ್ನೈಯ ಗುಮಾಸ್ತರ ಮುಂದಿಟ್ಟರೆ ಅದು ಅಸಲಿಯೋ ನಕಲಿಯೋ ಅವರಿಗೆ ತಿಳಿಯುವುದು ಹೇಗೆ? ಮೂಲ ಕಚೇರಿಗೆ ಬರೆದು ಕೇಳಬೇಕು. ಇಲ್ಲವೇ ‘ಅಲ್ಲಿಂದ ಎನ್‌ಒಸಿ ತನ್ನಿ’, ಅಂದರೆ ನಿರಾಕ್ಷೇಪಣಾ ಪತ್ರ ತನ್ನಿ, ಎನ್ನಬೇಕು. ಎರಡನೆಯದು ಸುಲಭ, ಏಕೆಂದರೆ ಅಲೆಯುವವನು ಅರ್ಜಿದಾರ.

ಕಾಯ್ದೆಯ ಒಳಗೂ ಈ ಲೆಡ್ಜರಿನ ನೆರಳಿದೆ. 15ನೇ ಸೆಕ್ಷನ್ ಯಾವ ಕಚೇರಿಯಲ್ಲಾದರೂ ನವೀಕರಣ ಮಾಡಿಸಲು ಬಿಡುತ್ತದೆ. ಆದರೆ ಲೈಸೆನ್ಸು ಕೊಟ್ಟ ಕಚೇರಿ ಬೇರೆಯಾಗಿದ್ದರೆ ಅದಕ್ಕೆ ತಿಳಿಸಬೇಕು ಎನ್ನುತ್ತದೆ. 26ನೇ ಸೆಕ್ಷನ್ ಪ್ರತಿ ರಾಜ್ಯವೂ ಒಂದು ಲೈಸೆನ್ಸು ರಿಜಿಸ್ಟರು ಇಡಬೇಕೆಂದಿತ್ತು. ದೇಶಕ್ಕೆಲ್ಲ ಒಂದು ರಿಜಿಸ್ಟರು ಎಂಬ ಯೋಚನೆ 1988ರಲ್ಲಿ ಇರಲಿಲ್ಲ.

ಇನ್ನೊಂದು ಗಂಟು ವಿಳಾಸದ್ದು. ವಾಸದ ಪುರಾವೆಯಾಗಿ ನಿಯಮಗಳು ಒಪ್ಪಿದ ಕಾಗದಗಳಲ್ಲಿ ಮತದಾರರ ಪಟ್ಟಿ, ಎಲ್‌ಐಸಿ ಪಾಲಿಸಿ, ಪಾಸ್‌ಪೋರ್ಟ್, ಶಾಲೆಯ ಪ್ರಮಾಣಪತ್ರ ಎಲ್ಲ ಇದ್ದವು. ಪಾಲಿಸಿ ವಿಮೆಗಿಂತ ಹೆಚ್ಚಾಗಿ ವಿಳಾಸಕ್ಕೆ ಒದಗಿದ ಮನೆಗಳೆಷ್ಟೋ. ಆದರೂ ಕೆಜಿಎಫ್‌ನ ‘ಲೈನ್’ಗಳಲ್ಲಿ, ಅಂದರೆ ಗಣಿಯವರ ಸಾಲುಮನೆಗಳಲ್ಲಿ, ಹುಟ್ಟಿದವರ ಕಷ್ಟ ತುಸು ಬೇರೆ: ಮನೆ ಕಂಪನಿಯದು, ಕಂದಾಯದ ರಸೀದಿ ಅವರ ಹೆಸರಲ್ಲಿಲ್ಲ. ಹೊಸ ಊರಿನಲ್ಲಿ ಬಾಡಿಗೆ ಮನೆ, ಕರಾರುಪತ್ರ ಮಾಡಿಕೊಡಲು ಮಾಲೀಕನಿಗೆ ಮನಸ್ಸಿಲ್ಲ. ಗಾಡಿ ಓಡಿಸಲು ಬರುತ್ತದೆಂದು ತೋರಿಸುವುದು ಸುಲಭ. ಎಲ್ಲಿ ಮಲಗುತ್ತೇನೆಂದು ತೋರಿಸುವುದು ಕಷ್ಟ.

2001ರ ನಂತರದ ಗುಳೆ

ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ ಕೊನೆಗೆ ಮುಚ್ಚಿತು. 1964ರಲ್ಲಿ ಶುರುವಾದ ಬಿಇಎಂಎಲ್ ಕಂಪನಿಯ ಕಾರ್ಖಾನೆ ಊರಲ್ಲೇ ಇದ್ದರೂ ಎಲ್ಲರಿಗೂ ಅಲ್ಲಿ ಜಾಗವಿರಲಿಲ್ಲ. ಮಾರಿಕುಪ್ಪಂನಿಂದ ನಸುಕಿನಲ್ಲೇ ಹೊರಡುವ ರೈಲುಗಳು ಊರಗಾಂ, ಕೋರಮಂಡಲ್, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಜನರನ್ನು ಹೊತ್ತವು, ಈಗಲೂ ಹೊರುತ್ತಿವೆ. ಒಂದು ದಿಕ್ಕಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ಓಡಾಡಿ ಸಾಕಾದವರು ಅಲ್ಲೇ ಮನೆ ಮಾಡಿದರು.

ಬಂಡವಾಳವಿಲ್ಲದವನಿಗೆ ಬೇಗ ಕೈಹಿಡಿಯುವ ಕಸುಬು ಡ್ರೈವಿಂಗ್. ಅದಕ್ಕೂ ಮೆಟ್ಟಿಲುಗಳಿದ್ದವು. ಆರು ತಿಂಗಳು ಊರ್ಜಿತವಿರುವ ಕಲಿಯುವವರ ಲೈಸೆನ್ಸು, ಅಂದರೆ ಎಲ್‌ಎಲ್‌ಆರ್, ಅದಾಗಿ ಮೂವತ್ತು ದಿನ ಕಳೆದ ಮೇಲೆ ಟೆಸ್ಟು. ಹಳಬರು ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕರ ಮುಂದೆ ಬೈಕಿನಲ್ಲಿ ಎಂಟು ಹೊಡೆಯಬೇಕು. ಮೊದಲ ಸುತ್ತು ಸಲೀಸು; ಎರಡು ಸೊನ್ನೆ ಕೂಡುವ ನಡುಜಾಗದಲ್ಲಿ ಹ್ಯಾಂಡಲ್ ತಿರುಗಿಸುವಾಗ ಗಾಡಿ ಓಲಾಡುತ್ತದೆ, ಕಾಲು ತಾನಾಗಿ ನೆಲ ಹುಡುಕುತ್ತದೆ. ನೆಲ ಮುಟ್ಟಿತೋ, ಮುಂದಿನ ಸಲ ಬಾ. ಬಾಡಿಗೆ ಗಾಡಿಗೆ ಬೇರೆ ಬ್ಯಾಡ್ಜು ಬೇಕಿತ್ತು. ಅದಕ್ಕೆ ಎಂಟನೇ ತರಗತಿ ಓದಿರಬೇಕೆಂಬ ಷರತ್ತು 2019ರವರೆಗೂ ಇತ್ತು. ಶಾಲೆ ಬಿಟ್ಟು ದುಡಿಯಲು ನಿಂತವರಿಗೆ ಅದೇ ಅಡ್ಡಗೋಡೆ. ಲಘು ವಾಹನದ ಲೈಸೆನ್ಸಿದ್ದರೆ 7,500 ಕಿಲೋ ಒಳಗಿನ ಬಾಡಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ, 2024ರ ನವೆಂಬರಿನಲ್ಲಿ ಸಂವಿಧಾನ ಪೀಠದಿಂದ ಅದನ್ನೇ ಖಚಿತಪಡಿಸಿತು.

ನಂಬರು ಬಿಚ್ಚಿ ನೋಡಿದರೆ

ಗಂಟು ಸಡಿಲಿಸಿದ್ದು ‘ಸಾರಥಿ’. ಕೇಂದ್ರದ ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ಈ ತಂತ್ರಾಂಶದಲ್ಲಿ ಲೈಸೆನ್ಸಿನ ನಂಬರಿಗೆ ಒಂದು ಕ್ರಮ ಬಂತು. ಮೊದಲೆರಡು ಅಕ್ಷರ ರಾಜ್ಯ, ಮುಂದಿನ ಎರಡು ಅಂಕಿ ಕಚೇರಿ, ಆಮೇಲೆ ನಾಲ್ಕಂಕಿಯ ಇಸವಿ, ಕೊನೆಗೆ ಏಳಂಕಿಯ ಸರಣಿ. ಕೆಎ 08 ಆದ ಮೇಲೆ 2005 ಎಂದಿದ್ದರೆ ಆತ ಆ ವರ್ಷ ಕೆಜಿಎಫ್‌ನಲ್ಲಿ ಲೈಸೆನ್ಸು ಪಡೆದವನು ಎಂದು ದೇಶದ ಯಾವ ಕಚೇರಿಯ ಪರದೆಯಾದರೂ ಹೇಳುತ್ತದೆ. ಬರೆದು ಕೇಳುವ ಕೆಲಸ ತಪ್ಪಿತು.

ಕಾಯ್ದೆ ಅದರ ಹಿಂದೆ ಬಂತು. 2018ರ ನವೆಂಬರಿನಲ್ಲಿ ಮೊಬೈಲಿನಲ್ಲಿ ತೋರಿಸುವ ದಾಖಲೆಯನ್ನೂ ಒಪ್ಪುವಂತೆ ನಿಯಮ ಬದಲಾಯಿತು. 2019ರ ಅಕ್ಟೋಬರಿನಿಂದ ದೇಶಕ್ಕೆಲ್ಲ ಒಂದೇ ಮಾದರಿಯ ಕಾರ್ಡು. ಅದೇ ವರ್ಷದ ತಿದ್ದುಪಡಿ ಎರಡು ದೊಡ್ಡ ಕೆಲಸ ಮಾಡಿತು. ವಾಸವಿರುವ ರಾಜ್ಯದ ಯಾವ ಕಚೇರಿಗಾದರೂ ಅರ್ಜಿ ಹಾಕಬಹುದು ಎಂದಿತು. ರಾಜ್ಯಗಳ ರಿಜಿಸ್ಟರಿನ ಬದಲು 25ಎ ಸೆಕ್ಷನ್ನಿನಲ್ಲಿ ರಾಷ್ಟ್ರೀಯ ರಿಜಿಸ್ಟರನ್ನು ತಂದಿತು. 2021ರಲ್ಲಿ 18 ಸೇವೆಗಳು, 2022ರಲ್ಲಿ 58 ಸೇವೆಗಳು ಆಧಾರ್ ದೃಢೀಕರಣದ ಮೇಲೆ ಆನ್‌ಲೈನಿಗೆ ಬಂದವು. ಲೈಸೆನ್ಸಿನ ವಿಳಾಸ ಬದಲಾವಣೆಯೂ ಅವುಗಳಲ್ಲೊಂದು. 13ನೇ ಸೆಕ್ಷನ್ ಕೊಟ್ಟಿದ್ದ ಮಾತು ನಡೆಯುವಂತಾದದ್ದು ಹೀಗೆ, ದಾಖಲೆ ಲೆಡ್ಜರಿನಿಂದ ಎದ್ದು ಬಂದ ಮೇಲೆ.

ಗಾಡಿಯ ಲೆಕ್ಕ ಬೇರೆ

ಲೈಸೆನ್ಸಿನ ವಿಚಾರದಲ್ಲಿ ಉಳಿದಿರುವ ಅರ್ಧ ಗೊಂದಲಕ್ಕೆ ಕಾರಣ ಗಾಡಿ. ತಮಿಳುನಾಡು, ಆಂಧ್ರ ಎರಡೂ ಕೈಗೆಟುಕುವಷ್ಟು ಹತ್ತಿರವಿರುವ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ಟಿಎನ್, ಎಪಿ ನಂಬರುಗಳು ಹೊಸತಲ್ಲ. ಬಂದು ಹೋಗುವ ಗಾಡಿಗೆ ತೊಂದರೆಯಿಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಾತ್ರ ಅಲ್ಲಿನ ನಂಬರು ಪಡೆಯಬೇಕು ಎನ್ನುತ್ತದೆ 47ನೇ ಸೆಕ್ಷನ್. ಅದಕ್ಕೆ ಮೂಲ ಕಚೇರಿಯಿಂದ 28ನೇ ನಮೂನೆಯ ಎನ್‌ಒಸಿ ಬೇಕು, ಹೊಸ ರಾಜ್ಯದ ತೆರಿಗೆ ಕಟ್ಟಬೇಕು. ಹೊರರಾಜ್ಯದ ಗಾಡಿ 30 ದಿನ ದಾಟಿದರೆ ಆಜೀವ ತೆರಿಗೆ ಎಂದು ಕರ್ನಾಟಕ 2014ರಲ್ಲಿ ತಿದ್ದುಪಡಿ ಮಾಡಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಪದೇ ಪದೇ ವರ್ಗವಾಗುವ ನೌಕರರಿಗೆಂದು 2021ರಲ್ಲಿ ಬಿಎಚ್ ಸರಣಿ ಬಂತು.

ಗಾಡಿಗೆ ತೆರಿಗೆಯಿದೆ, ಆದ್ದರಿಂದ ರಾಜ್ಯಕ್ಕೆ ಅದರ ಮೇಲೆ ಹಕ್ಕಿದೆ. ಓಡಿಸುವ ವಿದ್ಯೆಗೆ ತೆರಿಗೆಯಿಲ್ಲ. ಈ ವ್ಯತ್ಯಾಸ ತಿಳಿದರೆ ಗಾಡಿಯ ನಂಬರು ಬದಲಿಸಬೇಕೆಂದು ಲೈಸೆನ್ಸಿಗೂ ಓಡಾಡುವುದು ತಪ್ಪುತ್ತದೆ.

ದೇಶದ ಗಡಿ ದಾಟಿದರೆ ಮಾತ್ರ ‘ಲೋಕಲ್ ಲೈಸೆನ್ಸ್’ ನಿಜವಾದ ಮಾತು. ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಕುಟುಂಬಗಳು ಅನೇಕ ಬ್ರಿಟನ್ನಿಗೂ ಆಸ್ಟ್ರೇಲಿಯಾಕ್ಕೂ ಹೋದವು. ಬ್ರಿಟನ್ನಿನಲ್ಲಿ ನೆಲೆಸಿದವರು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಕಲಿಯುವವರಂತೆ ಪ್ರಾವಿಷನಲ್ ಲೈಸೆನ್ಸು ತೆಗೆದು, ಬರಹದ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಇಪ್ಪತ್ತು ವರ್ಷ ಗಾಡಿ ಓಡಿಸಿದವರಿಗೂ ರಿಯಾಯಿತಿಯಿಲ್ಲ.

ಇಂದು ಊರು ಬಿಡುವವರಿಗೆ

ಭಾರತದೊಳಗೆ ಎಲ್ಲಿಗೆ ಹೋದರೂ ಅವಧಿ ಮುಗಿಯುವವರೆಗೆ ಇದ್ದ ಲೈಸೆನ್ಸೇ ಸಾಕು. ಖಾಸಗಿ ವಾಹನದ ಲೈಸೆನ್ಸನ್ನು ಈಗ ಮೂವತ್ತರೊಳಗೆ ಪಡೆಯುವವರಿಗೆ ಅದು ನಲವತ್ತು ತುಂಬುವವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ. ಮುಗಿದ ಮೇಲೆ ಒಂದು ವರ್ಷದೊಳಗೆ ಹೋದರೆ ನವೀಕರಣ. ಅದೂ ದಾಟಿದರೆ ಮತ್ತೆ ಟೆಸ್ಟು. ವಿಳಾಸ ಬದಲಿಸುವುದಾದರೆ ಹೊಸ ಊರಿನಿಂದಲೇ ಅರ್ಜಿ. ಕೆಲವು ರಾಜ್ಯಗಳ ಕಚೇರಿಗಳು ಈಗಲೂ ಎನ್‌ಒಸಿ ಕೇಳುವುದುಂಟು. ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಒಂದು ವರ್ಗಕ್ಕೆ ಮಾತ್ರ ಹಳೆಯ ದಾರಿ ಇನ್ನೂ ಉಳಿದಿದೆ. ಗಣಿ ನಡೆಯುತ್ತಿದ್ದ ಕಾಲದಲ್ಲೇ ಪುಸ್ತಕದ ಲೈಸೆನ್ಸು ಪಡೆದು ಊರು ಬಿಟ್ಟವರದು. ಅವರ ಹೆಸರು ಸಾರಥಿಯಲ್ಲಿ ಇಲ್ಲದಿದ್ದರೆ ಹೊಸ ಊರಿನ ಪರದೆ ಅವರನ್ನು ಗುರುತಿಸುವುದಿಲ್ಲ. ಹೊತ್ತಗೆ ಕೊಟ್ಟ ಕಚೇರಿಯೇ ಲೆಡ್ಜರು ತೆಗೆದು ನೋಡಿ ‘ಬ್ಯಾಕ್‌ಲಾಗ್ ಎಂಟ್ರಿ’ ಮಾಡಬೇಕು. ಹೊತ್ತಗೆಯ ಅಕ್ಷರ ಅಳಿಸುವ ಮೊದಲು, ಅವಧಿ ಮುಗಿಯುವ ಮೊದಲು ಆ ಕೆಲಸಕ್ಕೊಮ್ಮೆ ರೈಲು ಹತ್ತಿ ಬಂದುಬಿಡುವುದು ಒಳ್ಳೆಯದು. ಅದಾದ ಮೇಲೆ ಹಬ್ಬಕ್ಕೆ ಬನ್ನಿ, ಮದುವೆಗೆ ಬನ್ನಿ, ಮೊಹರಿಗಾಗಿ ಬರಬೇಕಿಲ್ಲ.