ಗ್ರಂಥಾಲಯಕ್ಕೆ ಬೇಕು ವಿಷಯ ಬಲ್ಲವರು

ವಚನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡು ವಾರ ಕನ್ನಡ ಸಾಹಿತ್ಯದ ಕಪಾಟುಗಳನ್ನೇ ಜಾಲಾಡಿದ್ದಳು. ಡ್ಯೂಯಿ ವರ್ಗೀಕರಣದಲ್ಲಿ ಅದು 894.814. ಆಕೆಗೆ ಬೇಕಾಗಿದ್ದ ಪುಸ್ತಕಗಳಲ್ಲಿ ಬಹಳಷ್ಟು ಮೇಲಿನ ಮಹಡಿಯಲ್ಲಿ, ಧರ್ಮಕ್ಕೆ ಸೇರಿದ 294.5ರಲ್ಲಿದ್ದವು, ಉಳಿದವು ಇತಿಹಾಸ, ಸಮಾಜಶಾಸ್ತ್ರಗಳಲ್ಲಿ ಚದುರಿದ್ದವು. ಗ್ರಂಥಸೂಚಿಯಲ್ಲಿ ತಪ್ಪೇನೂ ಇರಲಿಲ್ಲ. ವಚನ ಒಂದೇ ಸಂಖ್ಯೆಯೊಳಗೆ ಅಡಗುವಂಥದ್ದಲ್ಲ ಎಂದು ತಿಳಿಸುವವರು ಇರಲಿಲ್ಲ, ಅಷ್ಟೆ. ಕನ್ನಡ ಎಂ.ಎ. ಮುಗಿಸಿ ಗ್ರಂಥಾಲಯ ವಿಜ್ಞಾನಕ್ಕೆ ಬಂದವನಾದ್ದರಿಂದ ನನಗದು ಹೊಳೆಯಿತು. ಹುದ್ದೆಯ ಲೆಕ್ಕದಲ್ಲಿ ಅದು ನನ್ನ ಕೆಲಸವಾಗಿರಲಿಲ್ಲ.

ಜರ್ಮನಿ, ಬ್ರಿಟನ್, ಅಮೆರಿಕಗಳ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದೇ ಒಂದು ಪ್ರತ್ಯೇಕ ವೃತ್ತಿ. 'ವಿಷಯ ಗ್ರಂಥಪಾಲಕ'ರೆಂಬುವವರು ತಮ್ಮ ಶಾಸ್ತ್ರದ ಪುಸ್ತಕಗಳನ್ನು ಆಯ್ದು ತರಿಸುತ್ತಾರೆ, ಸಂಶೋಧಕರ ಜೊತೆ ಕುಳಿತು ಆಕರ ಹುಡುಕುತ್ತಾರೆ. ನಮಗೂ ಈ ಕಲ್ಪನೆ ಪರಕೀಯವೇನಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅದಕ್ಕೆ ಮುನ್ನ ಗಣಿತದ ಅಧ್ಯಾಪಕರು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದನ್ನು ಕುರಿತದ್ದು. ಅವರೇ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿದರು. ಆ ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಪರೀಕ್ಷೆ ನಡೆಸುವ ನಾವು, ಓದುಗನ ಎರಡು ವಾರ ವ್ಯರ್ಥವಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಲ್ಲವೂ ಕಂಪ್ಯೂಟರಿನಲ್ಲಿಯೇ ಸಿಗುವಾಗ ಇವರೇಕೆ ಎನ್ನುವವರಿದ್ದಾರೆ. 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಒದಗಿಸಿದೆ. 30 ಪ್ರಕಾಶಕರ ಸುಮಾರು 13,000 ವಿದ್ವತ್ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದುಕೊಂಡಿವೆ. ಸಂತೋಷದ ಸಂಗತಿಯೇ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ದಾರಿ ತಿಳಿಯುವುದಿಲ್ಲ. ಅಲ್ಲಿರುವುದು ಬಹುಪಾಲು ಇಂಗ್ಲಿಷ್ ಬೇರೆ. 'ಪ್ರಬುದ್ಧ ಕರ್ಣಾಟಕ'ದ ಹಳೆಯ ಸಂಪುಟಗಳಲ್ಲಿ ಯಾರು ಏನು ಬರೆದಿದ್ದಾರೆಂಬುದನ್ನು ಅವುಗಳನ್ನು ತಿರುವಿ ಹಾಕಿದವರೇ ಹೇಳಬೇಕು.

ಇನ್ನೊಂದು ತುರ್ತು ಇದೆ. ನಂಬಲರ್ಹ ಪತ್ರಿಕೆಗಳನ್ನು ಗುರುತಿಸುತ್ತಿದ್ದ ಯುಜಿಸಿಯ 'ಕೇರ್' ಪಟ್ಟಿ 2025ರ ಫೆಬ್ರುವರಿಯಲ್ಲಿ ರದ್ದಾಯಿತು. ಹೊಣೆ ಈಗ ವಿಶ್ವವಿದ್ಯಾಲಯಗಳ ಮೇಲೆ ಬಿದ್ದಿದೆ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಬಲೆಗೆ ವಿದ್ಯಾರ್ಥಿ ಬಿದ್ದರೆ ವರ್ಷಗಳ ದುಡಿಮೆ ಮಣ್ಣುಪಾಲು. ಆತ ಮೊದಲು ವಿಚಾರಿಸಬೇಕಾದ ಮೇಜು ಗ್ರಂಥಾಲಯದಲ್ಲಿರಬೇಕು. ನನ್ನ ಮೇಜಂತೂ ನಾನು ನಿವೃತ್ತನಾದಂದಿನಿಂದ ಖಾಲಿ ಇದೆ.

ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಇದಕ್ಕೆ ಬೇಡ. ನೇಮಕಾತಿ ನಿಯಮದಲ್ಲಿ ಗ್ರಂಥಾಲಯ ವಿಜ್ಞಾನದ ಪದವಿಯ ಜೊತೆ ಮತ್ತೊಂದು ವಿಷಯದ ಸ್ನಾತಕೋತ್ತರ ಪದವಿಗೂ ಬೆಲೆ ಕೊಡಲಿ. ಮಾನವಿಕ, ವಿಜ್ಞಾನ, ಸಮಾಜವಿಜ್ಞಾನ ನಿಕಾಯಗಳಿಗೆ ಒಬ್ಬೊಬ್ಬರಂತೆ ಮೂವರನ್ನು ನೇಮಿಸಲಿ. ಹಾಗೆಯೇ ಅವರನ್ನು ಪರೀಕ್ಷಾ ಮೇಲ್ವಿಚಾರಣೆಗೆ ಅಟ್ಟದಿರಲಿ.