‘ಧನ’ವು ‘ದನ’ವಾಗದಿರಲಿ: ದಪ್ಪಕ್ಷರದ ‘ಬಾಲೂ ತಮ್ಮ’

ಬೆಂಗಳೂರು: ಅಂಗಡಿಯ ನಾಮಫಲಕ, ಪತ್ರಿಕೆಯ ತಲೆಬರಹ, ಮಕ್ಕಳ ಪುಸ್ತಕದ ಮುಖಪುಟ. ಇವೆಲ್ಲಕ್ಕೂ ದೂರದಿಂದಲೇ ಕಣ್ಣಿಗೆ ಬೀಳುವ ದಪ್ಪಕ್ಷರ ಬೇಕು. ಆದರೆ ಕನ್ನಡದ ಅಕ್ಷರವನ್ನು ದಪ್ಪಗೊಳಿಸುವುದು ಸುಲಭದ ಕೆಲಸವಲ್ಲ. ಗೆರೆ ಹಿಗ್ಗಿದಷ್ಟೂ ಒಳಗಿನ ಬಿಳಿ ಜಾಗ ಕುಗ್ಗುತ್ತದೆ. ಇಂತಹ ಬಳಕೆಗೆಂದೇ ರೂಪುಗೊಂಡ ಫಾಂಟ್‌ಗಳಲ್ಲಿ ‘ಬಾಲೂ ತಮ್ಮ’ ಒಂದು.

ಹಲವು ಲಿಪಿಗಳ ಸಹೋದರರು

ಮುಂಬೈನ ‘ಏಕ್ ಟೈಪ್’ ವಿನ್ಯಾಸಕಾರರ ಬಳಗ ರೂಪಿಸಿದ ‘ಬಾಲೂ’ ಕುಟುಂಬವು 2016ರಲ್ಲಿ ಗೂಗಲ್ ಫಾಂಟ್ಸ್ ಮೂಲಕ ಬಳಕೆಗೆ ಬಂದಿತು. ಆಯಾ ಭಾಷೆಯಲ್ಲಿ ಸಹೋದರನನ್ನು ಕರೆಯುವ ಪದವೇ ಆಯಾ ಲಿಪಿಯ ಫಾಂಟ್‌ಗೆ ಹೆಸರಾಗಿದೆ. ತಮಿಳಿಗೆ ‘ತಂಬಿ’, ತೆಲುಗಿಗೆ ‘ತಮ್ಮುಡು’, ಮಲಯಾಳಕ್ಕೆ ‘ಚೇಟ್ಟನ್’, ಗುಜರಾತಿಗೆ ‘ಭಾಯ್’, ಕನ್ನಡಕ್ಕೆ ‘ತಮ್ಮ’.

ದಪ್ಪ ಗೆರೆ, ಮೃದುವಾದ ತಿರುವು ಹಾಗೂ ಚಾಚುಗಳಿಲ್ಲದ ಸರಳ ಆಕಾರ ಈ ಕುಟುಂಬದ ಲಕ್ಷಣಗಳು. ಪ್ರತಿ ಫಾಂಟ್‌ನಲ್ಲೂ ರೋಮನ್ ಅಕ್ಷರಗಳಿವೆ. ಹೀಗಾಗಿ ದ್ವಿಭಾಷಾ ಫಲಕದಲ್ಲಿ ಇಂಗ್ಲಿಷ್ ಎದ್ದು ಕಂಡು ಕನ್ನಡ ಸೊರಗಿದಂತೆ ತೋರುವುದನ್ನು ತಪ್ಪಿಸಬಹುದು. ಮೊದಲು ಒಂದೇ ದಪ್ಪದಲ್ಲಿದ್ದ ಫಾಂಟ್, ನಂತರ ಬಂದ ‘ಬಾಲೂ ತಮ್ಮ 2’ರಲ್ಲಿ ಐದು ದಪ್ಪಗಳಲ್ಲಿ ಲಭ್ಯವಾಯಿತು.

ಸೀಳು ಮುಚ್ಚಿದರೆ ಅರ್ಥವೇ ಬೇರೆ

ಕನ್ನಡದಲ್ಲಿ ಅನೇಕ ಅಲ್ಪಪ್ರಾಣ, ಮಹಾಪ್ರಾಣಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು ಮಾತ್ರ. ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’, ‘ಡ’ ಮತ್ತು ‘ಢ’ ಇದಕ್ಕೆ ಉದಾಹರಣೆ. ಗೆರೆ ಉಬ್ಬಿ ಸೀಳು ಮುಚ್ಚಿಕೊಂಡರೆ ‘ಧನ ಸಹಾಯ’ವು ‘ದನ ಸಹಾಯ’ವಾಗಿ ಓದಿಸಿಕೊಳ್ಳುತ್ತದೆ! ಹೊಟ್ಟೆ ಸೀಳಿದ ‘ಷ’ಕಾರವು ‘ಪ’ಕಾರದಂತೆ ಕಾಣುವ ಅಪಾಯವೂ ಉಂಟು.

ಆದ್ದರಿಂದಲೇ ದಪ್ಪ ಫಾಂಟ್ ರಚಿಸುವಾಗ ಎಲ್ಲ ಗೆರೆಗಳನ್ನೂ ಒಂದೇ ಸಮನೆ ಹಿಗ್ಗಿಸುವಂತಿಲ್ಲ. ಇಕ್ಕಟ್ಟಾದ ಕಡೆ ಗೆರೆಯನ್ನು ತೆಳುಗೊಳಿಸಬೇಕು, ಸೀಳನ್ನು ಅಗಲಗೊಳಿಸಬೇಕು. ದಪ್ಪ ರೂಪವೇ ಇಲ್ಲದ ಫಾಂಟ್ ಆಯ್ದು ಕಂಪ್ಯೂಟರ್‌ನಲ್ಲಿ ‘ಬೋಲ್ಡ್’ ಗುಂಡಿ ಒತ್ತಿದಾಗ ತಂತ್ರಾಂಶವು ಈ ವಿವೇಚನೆಯಿಲ್ಲದೆ ಅಕ್ಷರವನ್ನು ಉಬ್ಬಿಸುತ್ತದೆ. ಒತ್ತಕ್ಷರಗಳದು ಇನ್ನೊಂದು ಸಮಸ್ಯೆ. ‘ರಾಷ್ಟ್ರ’ ಎಂಬ ಪದದಲ್ಲಿ ‘ಷ’ದೊಂದಿಗೆ ಎರಡು ಒತ್ತುಗಳಿವೆ. ಸಾಲುಗಳ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ ಇವು ಮುಂದಿನ ಸಾಲಿಗೆ ತಾಗುತ್ತವೆ.

ಎಲ್ಲಿ ಸೂಕ್ತ?

ಶೀರ್ಷಿಕೆ, ಭಿತ್ತಿಪತ್ರ, ಪೊಟ್ಟಣ, ಮೊಬೈಲ್ ಆಟಗಳಿಗೆ ಇಂತಹ ಅಕ್ಷರ ಒಪ್ಪುತ್ತದೆ. ದೀರ್ಘ ಲೇಖನವನ್ನು ಇದರ ದಪ್ಪ ರೂಪದಲ್ಲಿ ಮುದ್ರಿಸಿದರೆ ಕಣ್ಣಿಗೆ ಆಯಾಸ. ಗಂಭೀರ ಪ್ರಕಟಣೆಗಳಿಗೆ ಇದರ ತುಂಟತನ ಹೊಂದದು.

ಮುಕ್ತ ಪರವಾನಗಿಯ ಈ ಫಾಂಟ್ ಅನ್ನು ವಾಣಿಜ್ಯ ಕೆಲಸಗಳಿಗೂ ಉಚಿತವಾಗಿ ಬಳಸಬಹುದು. ಫಾಂಟ್ ಅನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಯುನಿಕೋಡ್ ಆಧಾರಿತವಾದ್ದರಿಂದ ಬರಹವನ್ನು ಅಂತರ್ಜಾಲದಲ್ಲಿ ಹುಡುಕಬಹುದು. ಹಳೆಯ ಸಂಕೇತ ವ್ಯವಸ್ಥೆಯ ಫಾಂಟ್‌ಗಳಲ್ಲಿದ್ದಂತೆ, ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡವು ಅರ್ಥವಾಗದ ಚಿಹ್ನೆಗಳಾಗಿ ತೋರುವ ತೊಂದರೆಯೂ ಇಲ್ಲ.

ಯಾವುದೇ ದಪ್ಪ ಫಾಂಟ್ ಆರಿಸುವವರು ಫಲಕ ಬರೆಸುವ ಮುನ್ನ ‘ಧನ’, ‘ಭಾಷೆ’, ‘ರಾಷ್ಟ್ರ’ ಎಂಬ ಮೂರು ಪದಗಳನ್ನು ಬೇಕಾದ ಗಾತ್ರದಲ್ಲಿ ಮುದ್ರಿಸಿ, ದೂರದಿಂದ ಓದಿ ನೋಡುವುದು ಒಳಿತು.