ಮಾತಿನ ಹಕ್ಕು ಮತ್ತು ಮಾತಾಡುವ ಧೈರ್ಯ

‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಮಾತು ಬಲ್ಲವನೇ ಜಗಳಕ್ಕೆ ಅಂಜಿ ಬಾಯಿ ಮುಚ್ಚಬೇಕಾಗಿ ಬಂದರೆ? ಅಂತಹದೊಂದು ಪ್ರಸಂಗ ಇದೇ ತಮಿಳುನಾಡಿನಲ್ಲಿ ನಡೆಯಿತು. ಅದು ಇತ್ಯರ್ಥವಾದದ್ದು ನಾವು ನೆಲೆಸಿರುವ ಈ ಚೆನ್ನೈ ನಗರದ ಉಚ್ಚ ನ್ಯಾಯಾಲಯದಲ್ಲಿ.

ಲೇಖಕ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಕಾದಂಬರಿ ಪ್ರಕಟವಾದದ್ದು 2010ರಲ್ಲಿ. ತಿರುಚ್ಚೆಂಗೋಡಿನ ಸೀಮೆಯ ಮಕ್ಕಳಿಲ್ಲದ ದಂಪತಿಗಳ ಸಂಕಟವೇ ಅದರ ವಸ್ತು. 2014ರ ಡಿಸೆಂಬರಿನಲ್ಲಿ, ಕಾದಂಬರಿಯಿಂದ ಊರಿಗೂ ದೇವರಿಗೂ ಅವಮಾನವಾಯಿತೆಂದು ಪ್ರತಿಭಟನೆ ಆರಂಭವಾಯಿತು. 2015ರ ಜನವರಿ 12ರಂದು ನಾಮಕ್ಕಲ್‌ನಲ್ಲಿ ಅಧಿಕಾರಿಗಳು ‘ಶಾಂತಿ ಸಭೆ’ ಕರೆದರು. ಬೇಷರತ್ ಕ್ಷಮೆ ಕೇಳುವುದಾಗಿಯೂ ಆಕ್ಷೇಪಿತ ಭಾಗಗಳನ್ನು ತೆಗೆಯುವುದಾಗಿಯೂ ಮಾರಾಟವಾಗದ ಪ್ರತಿಗಳನ್ನು ಹಿಂತೆಗೆದುಕೊಳ್ಳುವುದಾಗಿಯೂ ಮುರುಗನ್ ಅಲ್ಲಿ ಒಪ್ಪಬೇಕಾಯಿತು. ಅದಾದ ಮೇಲೆ, ತಮ್ಮೊಳಗಿನ ಬರಹಗಾರ ಸತ್ತನೆಂದು ಅವರೇ ಸಾರಿದರು.

ಕನ್ನಡಿಗರಾದ ನಮಗೆ ಈ ನೋವು ಅಪರಿಚಿತವಲ್ಲ. ವಚನ ಸಾಹಿತ್ಯದ ವಿದ್ವಾಂಸರಾದ ಎಂ.ಎಂ. ಕಲಬುರ್ಗಿ ಅವರು 1989ರಲ್ಲಿ ‘ಮಾರ್ಗ’ ಗ್ರಂಥದ ಕೆಲವು ಬರಹಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡರು. ಕುಟುಂಬವನ್ನು ಉಳಿಸಿಕೊಳ್ಳಲು ಹಾಗೆ ಮಾಡಿದುದಾಗಿಯೂ, ಅಂದೇ ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡುದಾಗಿಯೂ ಅವರು ಹೇಳಿಕೊಂಡಿದ್ದರು.

ಇಲ್ಲಿ ಕಾನೂನು ಏನು ಹೇಳುತ್ತದೆ? ಸಂವಿಧಾನದ 19ನೆಯ ವಿಧಿಯು ವಾಕ್ ಸ್ವಾತಂತ್ರ್ಯವನ್ನು ಕೊಡುತ್ತದೆ. ಅದಕ್ಕೆ ಮಿತಿ ಹಾಕಲು ಶಾಸನ ಬೇಕು. ಆ ಮಿತಿ ಯುಕ್ತವಾಗಿರಬೇಕು ಮತ್ತು ಸಂವಿಧಾನ ಹೆಸರಿಸಿದ ಕಾರಣಗಳಿಗೇ ಸೀಮಿತವಾಗಿರಬೇಕು. ಆ ಪಟ್ಟಿಯ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಕಾರಣಕ್ಕೂ ಮದರಾಸಿಗೂ ನಂಟಿದೆ. ಮುಂಬಯಿಯ ‘ಕ್ರಾಸ್ ರೋಡ್ಸ್’ ಪತ್ರಿಕೆಯ ಮೇಲೆ ಮದರಾಸು ಸರ್ಕಾರ ಹೇರಿದ್ದ ನಿರ್ಬಂಧವನ್ನು 1950ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿತು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿಯ ಮೂಲಕ ಆ ಕಾರಣ ಪಟ್ಟಿಗೆ ಸೇರಿತು. ಆದರೂ ಗುಂಪಿನ ಬೆದರಿಕೆಗೆ ಹೆದರಿ ಮಾತನ್ನು ಅಡಗಿಸಲಾಗದು ಎಂದು 1989ರಲ್ಲಿ, ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಬೆದರಿಸುವವರನ್ನು ತಡೆಯುವುದು ಸರ್ಕಾರದ ಕರ್ತವ್ಯ, ಮಾತಾಡುವವನನ್ನು ಸುಮ್ಮನಾಗಿಸುವುದಲ್ಲ.

ಮುರುಗನ್ ಪ್ರಕರಣದಲ್ಲಿ ತಮಿಳುನಾಡು ಪ್ರಗತಿಪರ ಬರಹಗಾರರ ಹಾಗೂ ಕಲಾವಿದರ ಸಂಘದ ಎಸ್. ತಮಿಳ್‌ಸೆಲ್ವನ್ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2016ರ ಜುಲೈ 5ರಂದು ಮುಖ್ಯ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ನ್ಯಾಯಮೂರ್ತಿ ಪುಷ್ಪಾ ಸತ್ಯನಾರಾಯಣ ಅವರ ಪೀಠವು ಶಾಂತಿ ಸಭೆಯ ಒಪ್ಪಂದಕ್ಕೆ ಬಂಧಕ ಶಕ್ತಿಯಿಲ್ಲವೆಂದು ತೀರ್ಪಿತ್ತಿತು. ಪುಸ್ತಕ ಹಿಡಿಸದವರು ಅದನ್ನು ಓದದೆ ಬದಿಗಿಡಬಹುದು. ಲೇಖಕ ಮರಳಿ ಬರೆಯಲಿ ಎಂದು ಅದು ಹಾರೈಸಿತು. ಮರುತಿಂಗಳೇ ಮುರುಗನ್ ಅವರ ಹೊಸ ಕವನ ಸಂಕಲನ ಬಿಡುಗಡೆಯಾಯಿತು.

ಆದರೆ ನ್ಯಾಯ ಎಲ್ಲರಿಗೂ ಸಕಾಲದಲ್ಲಿ ದೊರೆಯುವುದಿಲ್ಲ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ, ತಮ್ಮ ತಮ್ಮ ಮನೆಯಲ್ಲಿ, ಮನೆಯಂಗಳದಲ್ಲಿ ಗುಂಡಿಗೆ ಬಲಿಯಾದರು.

ಸಂಸಾರವಂದಿಗರಾದ ನಮ್ಮಿಂದ ಏನಾದೀತು ಎಂದು ಕೇಳಬಹುದು. ಓದದೆ ಕೋಪಗೊಳ್ಳದಿರುವುದು, ಒಪ್ಪದ ಬರಹಕ್ಕೆ ಬರಹದಿಂದಲೇ ಉತ್ತರಿಸುವುದು, ಮಕ್ಕಳ ಪ್ರಶ್ನೆಗೆ ಗದರದಿರುವುದು ನಮ್ಮಿಂದಲೂ ಸಾಧ್ಯ. ಇವೆಲ್ಲಕ್ಕಿಂತ ಮುಖ್ಯವಾದುದು, ಒಬ್ಬರು ಒಂಟಿಯಾದಾಗ ಅವರ ಬಳಿ ನಿಲ್ಲುವುದು. ಮುರುಗನ್ ಮೌನವಾಗಿದ್ದಾಗ ಅವರ ಪರವಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ಸಹಬರಹಗಾರರೇ ಎಂಬುದನ್ನು ನಾವು ಮರೆಯದಿರೋಣ.